ತಂಗಿ ಪಾಲು ಕೇಳಿದಳು, ಹೆಂಡತಿ ಫೆಮಿನಿಸ್ಟ್ ಆದಳು

ಗಂಡನಿಗೆ ನಲವತ್ತು ದಾಟಿದೆ. ಪೀಣ್ಯದ ಒಂದು ಮಷೀನ್ ಶಾಪ್‌ನಲ್ಲಿ ಸೂಪರ್‌ವೈಸರ್. ಹೆಂಡತಿ ರಾಜಾಜಿನಗರದ ಖಾಸಗಿ ಆಫೀಸೊಂದರಲ್ಲಿ ಅಕೌಂಟ್ಸ್ ನೋಡುತ್ತಾರೆ. ಮಗ ಆರನೇ ಕ್ಲಾಸು. ಗಂಡನ ತಾಯಿ ಜೊತೆಗಿದ್ದಾರೆ. ಲಗ್ಗೆರೆಯಲ್ಲಿ ಸ್ವಂತ ಮನೆ, ಅದರ ಮೇಲೆ ಸಾಲ. ಇವರನ್ನು ಪ್ರಕಾಶ್, ಸುಮಾ ಅಂತ ಕರೆಯುತ್ತೇನೆ. ಹೆಸರಿನ ಜೊತೆ ಊರು, ಕೆಲಸದಂಥ ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ.

ಆಪ್ತಸಲಹೆಗೆ ಅಪಾಯಿಂಟ್‌ಮೆಂಟ್ ಕೇಳಿ ನನಗೆ ಫೋನ್ ಮಾಡಿದ್ದು ಪ್ರಕಾಶ್. ಏನು ತೊಂದರೆ ಅಂತ ಕೇಳಿದೆ. "ಮೇಡಂ, ನನ್ನ ಹೆಂಡತಿ ಇತ್ತೀಚೆಗೆ ಫೆಮಿನಿಸ್ಟ್ ಆಗ್ಬಿಟ್ಟಿದ್ದಾಳೆ" ಅಂದರು. ಮೂರು ದಿನದಿಂದ ಜ್ವರ ಬಿಟ್ಟಿಲ್ಲ ಅನ್ನುವ ಧಾಟಿಯಲ್ಲೇ.

ಜೋಡಿಯಾಗಿ ಬಂದವರನ್ನು ನಾನು ಮೊದಲು ಬೇರೆ ಬೇರೆಯಾಗಿ ಕೂರಿಸಿ ಮಾತಾಡಿಸುತ್ತೇನೆ. ಮನೆಯಲ್ಲಿ ಕೈ ಎತ್ತುವುದು ಇದೆಯಾ, ಹೆದರಿಸುವುದು ಇದೆಯಾ, ಸಂಬಳ ಕಿತ್ತುಕೊಳ್ಳುವುದು ಇದೆಯಾ, ಇಲ್ಲಿ ಹೇಳಿದ್ದಕ್ಕೆ ಮನೆಗೆ ಹೋದ ಮೇಲೆ ಬೆಲೆ ತೆರಬೇಕಾಗುತ್ತಾ ಅಂತ ಕೇಳುತ್ತೇನೆ. ಹೊಡೆತ ಇರುವ ಮನೆಗೆ ಜಂಟಿ ಆಪ್ತಸಲಹೆ ಸರಿಯಾದ ದಾರಿ ಅಲ್ಲ. ಅಂಥವರಿಗೆ ಮೊದಲು ಮಹಿಳಾ ಸಹಾಯವಾಣಿ 181 ಅಥವಾ ತುರ್ತು ಸಹಾಯದ 112 ನಂಬರ್ ಕೊಡುತ್ತೇನೆ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಏನೇನು ರಕ್ಷಣೆ ಇದೆ ಅಂತ ತಿಳಿಸುತ್ತೇನೆ. ಸುಮಾ ಮನೆಯಲ್ಲಿ ಅದ್ಯಾವುದೂ ಇರಲಿಲ್ಲ. ಜಗಳ ಇತ್ತು, ಮಾತು ಬಿಟ್ಟ ದಿನಗಳಿದ್ದವು. ಹಾಗಾಗಿ ಇಬ್ಬರನ್ನೂ ಒಟ್ಟಿಗೆ ಕೂರಿಸಿದೆ.

ಪ್ರಕಾಶ್ ದೂರಿನ ಪಟ್ಟಿ ದೊಡ್ಡದಿತ್ತು. ಎದುರು ಮಾತಾಡ್ತಾಳೆ. ಅಮ್ಮನ ಮುಂದೆಯೇ "ನೀವೇ ಒಂದು ಲೋಟ ನೀರು ತಗೊಳ್ಳಿ" ಅಂತಾಳೆ. ಮೊಬೈಲ್‌ನಲ್ಲಿ ಏನೇನೋ ವಿಡಿಯೋ ನೋಡ್ತಾಳೆ. "ಇವರಿಗೆಲ್ಲ ಗಂಡಸರನ್ನ ಕಂಡ್ರೆ ದ್ವೇಷ ಮೇಡಂ. ಸಂಸಾರ ಒಡೆಯೋದೇ ಇವರ ಕೆಲಸ."

ಯಾವಾಗಿನಿಂದ ಹೀಗೆ ಅಂತ ಕೇಳಿದೆ. ಗೌರಿ ಹಬ್ಬದಿಂದ ಅಂದರು. ಅದು ಬಹಳ ಕರಾರುವಾಕ್ಕಾದ ಉತ್ತರ ಅನ್ನಿಸಿತು. ಆ ಹಬ್ಬದಲ್ಲಿ ಏನಾಯಿತು?

ಪ್ರಕಾಶ್ ಸುಮ್ಮನಾದರು. ಸುಮಾ ಹೇಳಿದರು. ಬಾಗಿನ ತಗೊಳ್ಳಲು ಬಂದ ನಾದಿನಿ, ಊಟ ಆದ ಮೇಲೆ, ಮಾಗಡಿ ಕಡೆಯ ಎರಡೂವರೆ ಎಕರೆ ಜಮೀನಿನಲ್ಲಿ ತನ್ನ ಪಾಲಿನ ಮಾತು ತೆಗೆದಳಂತೆ. ಅಜ್ಜನ ಕಾಲದ ಜಮೀನು. ಈಗ ಅಲ್ಲಿಗೂ ಲೇಔಟ್ ಮಾಡುವವರು ಬಂದು ನೋಡಿ ಹೋಗುತ್ತಿದ್ದಾರೆ. ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಸುಮಾ ಮಾತ್ರ, "ಕೇಳೋದ್ರಲ್ಲಿ ತಪ್ಪೇನಿದೆ?" ಅಂದರು. ಅವತ್ತು ರಾತ್ರಿಯೇ ಅವರು ಫೆಮಿನಿಸ್ಟ್ ಆದರು.

ನನ್ನ ಕೋಣೆಯಲ್ಲಿ ಇದನ್ನು ಬೇರೆ ಬೇರೆ ರೂಪದಲ್ಲಿ ನೋಡುತ್ತಲೇ ಇರುತ್ತೇನೆ. ಹೆಣ್ಣುಮಕ್ಕಳು ಓದಬಾರದು ಅಂತ ಯಾರೂ ಬರುವುದಿಲ್ಲ. ಒಂದೇ ಕೆಲಸಕ್ಕೆ ಒಂದೇ ಸಂಬಳ ಬೇಡ ಅನ್ನುವವರನ್ನೂ ನಾನು ಕಂಡಿಲ್ಲ. ಅಳಿಯ ಮಗಳಿಗೆ ಹೊಡೆದರೆ ಸಹಿಸ್ಕೋ ಅನ್ನುವ ಅಪ್ಪಂದಿರು ಕೂಡ ಮೊದಲಿಗಿಂತ ಕಡಿಮೆ. ಎಲ್ಲಕ್ಕೂ ಹೂಂ ಅಂದು, ಕೊನೆಗೆ "ಆದ್ರೆ ಈ ಸ್ತ್ರೀವಾದ ಎಲ್ಲ ನಮ್ಗೆ ಬೇಡ" ಅನ್ನುತ್ತಾರೆ. ವಿಚಾರಕ್ಕೆ ವಿರೋಧ ಕಡಿಮೆ. ತನ್ನ ಕೈಯಲ್ಲಿರುವ ಏನನ್ನೋ ಬಿಡಬೇಕಾಗುತ್ತದೆ ಅಂದಾಗ ವಿರೋಧ ಶುರುವಾಗುತ್ತದೆ. ಜಮೀನು, ಸಂಜೆಯ ಎರಡು ಗಂಟೆ ಬಿಡುವು, ಮನೆಯಲ್ಲಿ ಕೊನೆಯ ಮಾತು, ಯಾವುದಾದರೂ ಸರಿ. ಆದರೆ "ನನಗೆ ಜಮೀನು ಬಿಡೋಕೆ ಇಷ್ಟ ಇಲ್ಲ" ಅಂತ ಬಾಯಿಬಿಟ್ಟು ಹೇಳುವುದು ಕಷ್ಟ. "ಇವಳು ಹಾಳಾಗಿದ್ದಾಳೆ" ಅನ್ನುವುದು ಸುಲಭ. ಅದಕ್ಕೇ ಆ ಬೈಗುಳ ಬಂದಾಗ ನಾನು ವಾದಕ್ಕೆ ಇಳಿಯುವುದಿಲ್ಲ. ಏನು ಕೈತಪ್ಪುವ ಭಯ ಅಂತ ಹುಡುಕುತ್ತೇನೆ.

ಕಾನೂನಿನ ಮಾತು ನಾನು ಚುಟುಕಾಗಿ ಹೇಳಿದೆ. ನಾನು ವಕೀಲೆ ಅಲ್ಲ. ಆದರೂ ಇಷ್ಟು ಎಲ್ಲರಿಗೂ ಗೊತ್ತಿರಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟು ಹಕ್ಕು ಅಂತ 2005ರ ಸೆಪ್ಟೆಂಬರ್ 9ರಿಂದ ದೇಶಕ್ಕೆಲ್ಲ ಅನ್ವಯಿಸುವ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಹೇಳುತ್ತದೆ. ಅದಕ್ಕೂ ಹನ್ನೊಂದು ವರ್ಷ ಮೊದಲೇ, 1994ರಲ್ಲಿ, ಕರ್ನಾಟಕ ಇಂಥ ತಿದ್ದುಪಡಿ ಜಾರಿಗೆ ತಂದಿತ್ತು. ಆದರೆ ಅಷ್ಟರೊಳಗೆ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಅದು ಹೊರಗಿಟ್ಟಿತ್ತು. 2005ರಲ್ಲಿ ಅಪ್ಪ ಬದುಕಿರಬೇಕಿತ್ತಾ ಅನ್ನುವ ಗೊಂದಲವನ್ನು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಗೆಹರಿಸಿತು. ಬದುಕಿರಬೇಕಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ಪಾಲು ಆಗಿದ್ದರೆ ಅದನ್ನು ಮತ್ತೆ ಬಿಚ್ಚುವ ಹಾಗಿಲ್ಲ, ಅಷ್ಟೇ. ಪ್ರಕಾಶ್ ಮನೆಯಲ್ಲಿ ಪಾಲೇ ಆಗಿರಲಿಲ್ಲ.

"ಅಂದ್ರೆ ಅವಳು ಕೇಳ್ತಿರೋದು ನನ್ನದನ್ನಲ್ಲ, ಅವಳದ್ದನ್ನೇ" ಅಂತ ಅವರೇ ನಿಧಾನವಾಗಿ ಅಂದರು. ಒಪ್ಪಿದ್ದಲ್ಲ. ಅಂದು ನೋಡಿದರು.

ಆಮೇಲೆ ಬಂದದ್ದು ಕೋಪ. ಅದರ ಹಿಂದೆಯೇ ಅಳು. ತಂಗಿಯ ಮದುವೆಗೆ ಇವರು ಸಾಲ ಮಾಡಿದ್ದರು. ಅಪ್ಪನ ಆಸ್ಪತ್ರೆ ಬಿಲ್ಲು ಇವರೇ ಕಟ್ಟಿದರು. ಡಿಪ್ಲೊಮಾ ಮುಗಿಸಿ ಬಿಇ ಮಾಡುವ ಆಸೆ ಇತ್ತು, ಬಿಟ್ಟರು. ಹತ್ತೊಂಬತ್ತಕ್ಕೇ ಶಾಪ್‌ಗೆ ಸೇರಿದರು. "ಗಂಡು ಮಗ ಅಂತ ಎಲ್ಲ ನನ್ನ ಹೆಗಲಿಗೆ ಹಾಕಿದ್ರು. ಈಗ ಸಮಾನ ಅಂತಾರೆ. ಸಾಲ ಮಾಡೋವಾಗ ಸಮಾನತೆ ಎಲ್ಲಿತ್ತು ಮೇಡಂ?"

ಒಳ್ಳೆಯ ಪ್ರಶ್ನೆ ಅದು. ಹೆಣ್ಣುಮಕ್ಕಳ ಪರ ಮಾತಾಡುವವರು ಇದನ್ನು ಕೇಳಿಸಿಕೊಳ್ಳದೆ ಮುಂದೆ ಹೋದರೆ ಇಂಥ ಗಂಡಸರು ಕಿವಿ ಮುಚ್ಚಿಕೊಳ್ಳುತ್ತಾರೆ. ಮದುವೆ ಖರ್ಚು ಮಾಡಿದ್ದಕ್ಕೆ ಮಗಳ ಹಕ್ಕು ವಜಾ ಆಗುವುದಿಲ್ಲ ಅನ್ನುವುದು ನಿಜ. ಅವರು ಪಟ್ಟ ಕಷ್ಟವೂ ಅಷ್ಟೇ ನಿಜ. ನಾನು ಹೇಳಿದ್ದು ಇಷ್ಟು: "ಜಮೀನು ಮಗನಿಗೇ ಅಂದ ನಿಯಮ, ಸಾಲವೂ ಮಗನಿಗೇ ಅಂದಿತು. ಎರಡೂ ಒಂದೇ ನಿಯಮ. ನಿಮ್ಮ ಓದು ನಿಲ್ಲಿಸಿದ್ದು ಯಾವ ಫೆಮಿನಿಸ್ಟೂ ಅಲ್ಲ. ಆ ನಿಯಮ ಬೇಡ ಅಂತಲೇ ತಾನೇ ಅವರು ಹೇಳ್ತಿರೋದು?" ಅವರು ಉತ್ತರ ಕೊಡಲಿಲ್ಲ.

ಸುಸ್ತು, ನಿದ್ದೆ ಇಲ್ಲ ಅಂತ ಹೇಳಿದ್ದರಿಂದ, ಸಾಯುವ ಯೋಚನೆ ಬರುತ್ತದಾ ಅಂತ ನೇರವಾಗಿ ಕೇಳಿದೆ. ಕೇಳಿದರೆ ಯೋಚನೆ ಬಂದುಬಿಡುತ್ತದೆ ಅನ್ನುವುದು ತಪ್ಪು ನಂಬಿಕೆ. ಇಲ್ಲ ಅಂದರು. ನಮ್ಮ ದೇಶದಲ್ಲಿ ಆತ್ಮಹತ್ಯೆಯಿಂದ ಸಾಯುವವರಲ್ಲಿ ಹತ್ತಕ್ಕೆ ಸುಮಾರು ಏಳು ಜನ ಗಂಡಸರು. ಗಂಡಸು ಅಳಬಾರದು, ಕೇಳಬಾರದು ಅನ್ನುವುದಕ್ಕೂ ಇದಕ್ಕೂ ನಂಟಿದೆ ಅಂತ ನಾನು ನಂಬುತ್ತೇನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವರ ಫೋನಿಗೆ ಹಾಕಿಸಿದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಇನ್ನು ಅತ್ತೆ. ಅವರನ್ನು ನಾನು ಕರೆದಿರಲಿಲ್ಲ. ಅವರಾಗಿಯೇ ಒಂದು ದಿನ ಮಗನ ಜೊತೆ ಬಂದರು. ಮಗಳು ಪಾಲು ಕೇಳಿದ್ದಕ್ಕೆ ಮಗನಿಗಿಂತ ಜಾಸ್ತಿ ಸಿಟ್ಟು ಇವರಿಗಿತ್ತು. ಹೆಣ್ಣಿಗೆ ಹೆಣ್ಣೇ ಶತ್ರು ಅನ್ನುವ ಹಳೇ ಮಾತನ್ನು ಜನ ಇಂಥ ಕಡೆಯೇ ತೆಗೆಯುವುದು. ನನಗೆ ಆ ಮಾತು ಕಂಡರೆ ಆಗುವುದಿಲ್ಲ. ಅದು ಏನನ್ನೂ ವಿವರಿಸುವುದಿಲ್ಲ, ಸುಮ್ನೆ ಬಾಯಿ ಮುಚ್ಚಿಸುತ್ತದೆ.

ಅಮ್ಮನ ಲೆಕ್ಕ ಬೇರೆ ಇತ್ತು. ಅವರ ಅಪ್ಪ ತೀರಿಕೊಂಡಾಗ ಅಣ್ಣಂದಿರು ಕಾಗದ ತಂದರು. ಹಕ್ಕು ಬಿಟ್ಟುಕೊಟ್ಟೆ ಅಂತ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಸಹಿ ಹಾಕಿಬಂದರು. "ಹಾಕದೇ ಇದ್ರೆ ತವರು ಮನೆ ಬಾಗಿಲು ಮುಚ್ಚೋದು ಕಣಮ್ಮ. ಗಂಡನ ಮನೇಲಿ ಏನಾದ್ರೂ ಆದ್ರೆ ಎಲ್ಲಿಗೆ ಹೋಗೋದು?" ವರ್ಷಕ್ಕೊಂದು ಬಾಗಿನ, ಒಂದು ಸೀರೆ, ಬಾಣಂತನಕ್ಕೊಂದು ಕೋಣೆ. ಅದಕ್ಕಾಗಿ ಎಕರೆಗಟ್ಟಲೆ ಬಿಟ್ಟರು. ಅವತ್ತಿನ ಪರಿಸ್ಥಿತಿಯಲ್ಲಿ ಅದು ದಡ್ಡತನ ಅಲ್ಲ. ಸ್ವಂತ ಸಂಪಾದನೆ ಇಲ್ಲದ ಹೆಣ್ಣಿಗೆ ಅಣ್ಣನ ಮನೆಯೇ ವಿಮೆ. ಈಗ ಮಗಳು ಪಾಲು ಕೇಳಿದರೆ, ತಾನು ಬಿಟ್ಟದ್ದು ಬಿಡಬೇಕಿರಲಿಲ್ಲ ಅಂತಾಗುತ್ತದೆ. ಬದುಕಿನ ಅಷ್ಟು ದೊಡ್ಡ ತ್ಯಾಗ ಸುಮ್ಮನೆ ಮಾಡಿದ್ದಾ? ಆ ಪ್ರಶ್ನೆ ಎದುರಿಸುವುದಕ್ಕಿಂತ ಮಗಳನ್ನು ಬೈಯುವುದು ಹಗುರ. ವಯಸ್ಸಾದ ಹೆಂಗಸರು ಸೊಸೆಯ, ಮಗಳ ಸ್ವಾತಂತ್ರ್ಯಕ್ಕೆ ಅಡ್ಡ ಬರುವ ಎಷ್ಟೋ ಮನೆಗಳಲ್ಲಿ ಒಳಗೆ ಇರುವುದು ಇದೇ.

ನಾನು ಅವರಿಗೆ ಬುದ್ಧಿ ಹೇಳಲಿಲ್ಲ. "ಅಣ್ಣಂದಿರು ಈಗಲೂ ಬಾಗಿನ ತರ್ತಾರಾ?" ಅಂತ ಕೇಳಿದೆ. ದೊಡ್ಡಣ್ಣ ಇರೋವರೆಗೂ ತರ್ತಿದ್ದ ಅಂದರು. ಆಮೇಲೆ ಅವನ ಮಕ್ಕಳು ಫೋನ್‌ಪೇ ಮಾಡುತ್ತಾರಂತೆ. ಅದಕ್ಕೆ ನಕ್ಕರು ಕೂಡ.

ಸುಮಾಳದ್ದು ಇನ್ನೊಂದು ಬಗೆ. "ನಾನೇನು ಫೆಮಿನಿಸ್ಟ್ ಅಲ್ಲ ಮೇಡಂ. ತಾಳಿ ಹಾಕ್ತೀನಿ, ವರಮಹಾಲಕ್ಷ್ಮಿ ಹಬ್ಬ ಮಾಡ್ತೀನಿ, ಅಡುಗೆ ಮಾಡ್ತೀನಿ" ಅಂತ ಮೊದಲ ದಿನವೇ ಜಾಮೀನು ಕೊಡುವ ಹಾಗೆ ಹೇಳಿದ್ದರು. ಹಬ್ಬ ಮಾಡುವವಳು ಹಕ್ಕಿನ ಮಾತಾಡಬಾರದು ಅಂತ ಯಾರು ಹೇಳಿದ್ದು? ಹೊರಗಿನಿಂದ ಬಂದ ಫ್ಯಾಷನ್ ಅನ್ನುವವರು 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಲು ನಿಂತ ಸಾವಿತ್ರಿಬಾಯಿ ಫುಲೆಯವರನ್ನು ಮರೆಯುತ್ತಾರೆ. ಹನ್ನೆರಡನೇ ಶತಮಾನದ ಅಕ್ಕಮಹಾದೇವಿಯನ್ನಂತೂ ಕ್ಯಾಲೆಂಡರ್‌ನಲ್ಲಿ ನೋಡಿ ಕೈಮುಗಿದು ಮುಂದೆ ಹೋಗುತ್ತಾರೆ. ಹಾಗಂತ ಸುಮಾ ಆ ಹೆಸರನ್ನು ಹಚ್ಚಿಕೊಳ್ಳಲೇಬೇಕು ಅಂತ ನಾನು ಹೇಳಲಿಲ್ಲ. ಬೇಕಾದ್ದನ್ನು ಕೇಳುವ ಮೊದಲು ಕ್ಷಮೆ ಕೇಳುವ ಅಭ್ಯಾಸ ಮಾತ್ರ ಬಿಡಿ ಅಂದೆ.

ಕೇಸು, ಫ್ರೀ ಬಸ್ಸು ಇವೂ ಬಂದವು. ಗೆಳೆಯರ ವಾಟ್ಸಾಪ್ ಗುಂಪಿನಿಂದ ಪ್ರಕಾಶ್‌ಗೆ "498ಎ ಹಾಕಿದ್ರೆ ಮರುದಿನ ಜೈಲು" ಅಂತ ಗೊತ್ತಾಗಿತ್ತು. ವರದಕ್ಷಿಣೆ ಸಾವುಗಳ ಸುದ್ದಿ ದೇಶವನ್ನು ಕಲಕಿದ್ದ ಕಾಲದಲ್ಲಿ, 1983ರಲ್ಲಿ, ಹೆಂಡತಿಗೆ ಗಂಡ, ಅವನ ಮನೆಯವರು ಹಿಂಸೆ ಕೊಡುವುದನ್ನು ಅಪರಾಧ ಅನ್ನುವ ಆ ಕಲಂ ಬಂತು. 2024ರ ಜುಲೈನಿಂದ ಅದೇ ವಿಷಯ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂನಲ್ಲಿದೆ. ಯಾಂತ್ರಿಕವಾಗಿ ಬಂಧಿಸಬೇಡಿ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಪೊಲೀಸರಿಗೆ ಹೇಳಿದೆ. ಸುಳ್ಳು ಕೇಸುಗಳೂ ಇವೆ, ಅದರಿಂದ ನಲುಗಿದವರು ನನ್ನ ಹತ್ತಿರವೂ ಬಂದಿದ್ದಾರೆ. "ಆದ್ರೆ ಸುಮಾ ಕೇಸು ಹಾಕ್ತೀನಿ ಅಂದಿದ್ದಾರಾ?" ಇಲ್ಲ. ಅಲ್ಲಿಗೆ ಆ ಮಾತು ನಿಂತಿತು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆ ಸರಿಯಾ ತಪ್ಪಾ ಅನ್ನುವುದನ್ನು ಓಟು ಹಾಕುವಾಗ ನೋಡಿಕೊಳ್ಳಿ, ಅದರ ಬಿಲ್ಲನ್ನು ಹೆಂಡತಿಗೆ ಕೊಡಬೇಡಿ ಅಂದೆ. ಸುಮಾ ನಕ್ಕು, ಉಳಿದ ಬಸ್ ಚಾರ್ಜು ಮಗನ ಟ್ಯೂಷನ್‌ಗೆ ಹೋಗ್ತಿದೆ ಅಂದರು.

ನಾನು ಕೊಟ್ಟ ಸಲಹೆ ಹೀಗಿತ್ತು. ಜಮೀನಿನ ಮಾತನ್ನು ಗಂಡ-ಹೆಂಡತಿ ಜಗಳದಿಂದ ಹೊರಗೆ ತೆಗೆಯಿರಿ. ಅದು ಅಣ್ಣ-ತಂಗಿಯ ವಿಷಯ. ಪಹಣಿ, ವಂಶವೃಕ್ಷ ತೆಗೆಸಿಕೊಂಡು ಒಬ್ಬ ಸಿವಿಲ್ ವಕೀಲರನ್ನು ನೋಡಿ. ತಂಗಿಯ ಹತ್ತಿರ ಯಾವ ಕಾಗದಕ್ಕೂ ಅವಸರದಲ್ಲಿ ಸಹಿ ಹಾಕಿಸಿಕೊಳ್ಳಬೇಡಿ. ನೀವು ಮಾಡಿದ ಸಾಲದ ಲೆಕ್ಕ ಬರೆದಿಡಿ, ಅವಳ ಮುಂದೆ ಇಡಿ, ಆದರೆ ಹಕ್ಕಿಗೆ ಬದಲಿಯಾಗಿ ಅಲ್ಲ. ನೀವು ಹೊತ್ತದ್ದು ಅವಳಿಗೂ ತಿಳಿದಿರಲಿ ಅಂತ.

ಮನೆಗೆಲಸದ ವಿಷಯದಲ್ಲಿ "ಸಹಾಯ ಮಾಡ್ತೀನಲ್ಲ" ಅನ್ನುವುದನ್ನು ನಾನು ಒಪ್ಪಲಿಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ. ಅದೇ ಕೆಲಸ ಮಾಡುವ ಗಂಡಸರು 88 ನಿಮಿಷ. ನಿಮಿಷಕ್ಕಿಂತ ಭಾರ ಇನ್ನೊಂದು ಇದೆ, ನೆನಪಿಟ್ಟುಕೊಳ್ಳುವುದು. ಸಿಲಿಂಡರ್ ಯಾವಾಗ ಬುಕ್ ಮಾಡಬೇಕು, ದೋಸೆಗೆ ಯಾವತ್ತು ನೆನೆಹಾಕಬೇಕು, ಅತ್ತೆಯ ಬಿಪಿ ಮಾತ್ರೆ ಎಷ್ಟಿದೆ. ಇದೆಲ್ಲ ಸುಮಾ ತಲೆಯಲ್ಲಿತ್ತು. ಹಾಗಾಗಿ ಎರಡು ವಿಭಾಗಗಳನ್ನು ಪೂರ್ತಿ ಪ್ರಕಾಶ್‌ಗೆ ವಹಿಸಿದೆವು: ಮಗನ ಶಾಲೆ, ಅಮ್ಮನ ಔಷಧಿ. ನೆನಪಿಸುವುದೂ ಸುಮಾ ಕೆಲಸ ಅಲ್ಲ. ತಪ್ಪಿದರೆ ತಪ್ಪಲಿ, ಅವರೇ ಸರಿಮಾಡಿಕೊಳ್ಳಲಿ. ಸುಮಾಗೆ ಇದು ಕಷ್ಟವಾಯಿತು. ಮಗ ಪ್ರಾಜೆಕ್ಟ್ ಚಾರ್ಟ್ ಇಲ್ಲದೆ ಶಾಲೆಗೆ ಹೋದ ದಿನ ಅವರು ನನಗೆ ಮೆಸೇಜ್ ಮಾಡಿದ್ದರು, ಗಂಡನಿಗೆ ಮಾತ್ರ ಏನೂ ಹೇಳಿರಲಿಲ್ಲ. ಮಾತ್ರೆ ಈವರೆಗೆ ತಪ್ಪಿಲ್ಲ.

ಪ್ರಕಾಶ್ ಬದಲಾಗಿಬಿಟ್ಟರು ಅಂತ ನಾನು ಹೇಳುವುದಿಲ್ಲ. ಎದುರು ಮಾತು ಅವರಿಗೆ ಈಗಲೂ ಚುಚ್ಚುತ್ತದೆ. ಜಮೀನಿನಲ್ಲಿ ಎಷ್ಟು, ಯಾವ ಕಡೆಯದು ಅನ್ನುವುದೂ ತೀರ್ಮಾನವಾಗಿಲ್ಲ. ವಕೀಲರನ್ನು ನೋಡಿ ಬಂದಿದ್ದಾರೆ. ಅಮ್ಮ ಕೂಡ ಜೊತೆಗೆ ಹೋಗಿ, ತಾನು ಬರೆದುಕೊಟ್ಟ ಹಳೇ ಕಾಗದದ ಬಗ್ಗೆ ವಿಚಾರಿಸಿದರಂತೆ. ಯಾರೂ ಒತ್ತಾಯ ಮಾಡದೆ ಬಿಟ್ಟುಕೊಟ್ಟು ನೋಂದಾಯಿಸಿದ್ದರೆ ಇಷ್ಟು ವರ್ಷದ ಮೇಲೆ ಏನೂ ಮಾಡುವುದು ಕಷ್ಟ ಅಂತ ವಕೀಲರು ಅಂದಿದ್ದಾರೆ.

ಮುಂದಿನ ಸಲ ತಂಗಿಯನ್ನೂ ಕರೆತರುತ್ತೇನೆ ಅಂದಿದ್ದಾರೆ ಪ್ರಕಾಶ್. ತಂಗಿಯ ಗಂಡನೂ ಬರಬಹುದಾ ಅಂತ ಕೇಳಿದರು. ಸದ್ಯಕ್ಕೆ ಬೇಡ, ಮೊದಲು ನೀವಿಬ್ಬರೇ ಕೂತು ಮಾತಾಡಿ ಅಂದೆ.