ಗುರುಗುಟ್ಟುವುದು ನಿಂತಿದೆ ಅಂತ ಸಮಾಧಾನ ಪಡಬೇಡಿ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಮತ್ತೆ ಮತ್ತೆ ಓದಿದೆ. ಮೊದಲು ಮನಸ್ಸು ಕರಗಿತು, ಆಮೇಲೆ ಸಿಟ್ಟು ಬಂತು. ಸಿಟ್ಟು ಬರೆದವರ ಮೇಲಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಬರೆದಾಕೆ ನಾಲ್ಕು ತಿಂಗಳ ಹಿಂದೆ ಶೆಲ್ಟರ್‌ನಿಂದ ಒಂದು ನಾಯಿಯನ್ನು ಫಾಸ್ಟರ್ ಮಾಡಲು ಮನೆಗೆ ತಂದರು. ಅಂದರೆ ಅವನಿಗೆ ಕಾಯಂ ಮನೆ ಸಿಗುವ ತನಕ ಇವರು ನೋಡಿಕೊಳ್ಳಬೇಕು, ಸಿಕ್ಕಿದ ಮೇಲೆ ಬಿಟ್ಟುಕೊಡಬೇಕು. ಹೆಸರು ಗುಂಡ ಅಂತಿಟ್ಟುಕೊಳ್ಳಿ, ನಾನು ಬದಲಿಸಿದ್ದೇನೆ. ಬಂದ ಹೊಸದರಲ್ಲಿ ಗುಂಡ ಮಂಚದ ಕೆಳಗಿಂದ ಈಚೆ ಬರುತ್ತಿರಲಿಲ್ಲ. ಈಗ ಆಕೆಯ ಕಾಲ ಬಳಿಯೇ ಮಲಗುತ್ತಾನೆ, ಆಕೆ ಎದ್ದರೆ ಏಳುತ್ತಾನೆ. ಮನೆಯಲ್ಲಿ ಮೊದಲಿಂದ ಇರುವ ಮುದಿ ನಾಯಿಗೆ ಕೀಲುನೋವು, ಗುಂಡನ ಓಟ ಅದಕ್ಕೆ ಆಗಿಬರುವುದಿಲ್ಲ, ಹಾಗಾಗಿ ಇಟ್ಟುಕೊಳ್ಳುವಂತಿಲ್ಲ. ಈಗ ಒಂದು ಒಳ್ಳೆಯ ಮನೆ ಸಿಕ್ಕಿದೆ. ಬರುವ ಭಾನುವಾರ ಕರೆದುಕೊಂಡು ಹೋಗುತ್ತಾರೆ. ಆಕೆಯ ಅತ್ತಿಗೆ ಮಾತ್ರ, ‘ಇಷ್ಟು ಹಚ್ಚಿಕೊಂಡ ಮೇಲೆ ಕೊಡೋಕೆ ನಿಂಗೆ ಮನಸ್ಸಾದರೂ ಹೇಗೆ ಬರುತ್ತೆ’ ಅಂತ ದಿನಾ ಚುಚ್ಚುತ್ತಿದ್ದಾರಂತೆ. ಪತ್ರದ ಪ್ರಶ್ನೆ ಇದು: ‘ನಾನು ಗುಂಡನಿಗೆ ಮೋಸ ಮಾಡುತ್ತಿದ್ದೇನಾ? ಅವನು ನನ್ನನ್ನು ಹುಡುಕುತ್ತಾ ಕೊರಗುವುದಿಲ್ವಾ?’

ಎರಡು ಪುಟ ಈ ನೋವಿನದ್ದೇ. ಅದರ ನಡುವೆ, ಯಾರೂ ಗಮನಿಸಲಾರದ ಜಾಗದಲ್ಲಿ, ಈ ಸಾಲುಗಳು ಇವೆ: ‘ಎರಡನೇ ತಿಂಗಳಲ್ಲಿ ಊಟದ ಬಟ್ಟಲ ಹತ್ತಿರ ಯಾರಾದರೂ ಹೋದರೆ ಗುರುಗುಟ್ಟುತ್ತಿದ್ದ. ಶೆಲ್ಟರ್‌ನ ಸ್ವಯಂಸೇವಕಿ ಹೇಳಿದಂತೆ ಜೋರಾಗಿ ಗದರಿಸಿ ಮೂತಿಗೆ ಮೆಲ್ಲಗೆ ಒಂದು ಏಟು ಕೊಟ್ಟೆ. ಈಗ ಪೂರ್ತಿ ನಿಂತಿದೆ. ಹಾಗಾಗಿ ಆ ಮನೆಯವರಿಗೆ ಹೇಳಲಿಲ್ಲ, ಹೇಳಿದರೆ ಸುಮ್ನೆ ಹೆದರುತ್ತಾರೆ ಅಂತ ಆಕೆಯೂ ಬೇಡ ಅಂದರು.’ ಇನ್ನೂ ಎರಡು ಪ್ಯಾರಾ ಆದ ಮೇಲೆ ಇನ್ನೊಂದು ಮಾತು ಬರುತ್ತದೆ, ಹೊಸ ಮನೆಯಲ್ಲಿ ಐದು ವರ್ಷದ ಮಗು ಇದೆಯಂತೆ.

ಅಮ್ಮಾ, ನಿಮ್ಮ ಪತ್ರದ ವಿಷಯ ಅಗಲಿಕೆ ಅಲ್ಲವೇ ಅಲ್ಲ. ಇದು.

ಗುರುಗುಟ್ಟುವುದನ್ನು ನಾವು ಕೆಟ್ಟ ಬುದ್ಧಿ ಅಂದುಕೊಳ್ಳುತ್ತೇವೆ. ಅದು ನಾಯಿ ಕೊಡುವ ಎಚ್ಚರಿಕೆ. ‘ಇಷ್ಟು ಹತ್ತಿರ ಬರಬೇಡ, ನನಗೆ ಭಯವಾಗ್ತಿದೆ’ ಅಂತ ಕಚ್ಚದೆ ತಿಳಿಸುವ ದಾರಿ. ಹಸಿವು ಕಂಡ ನಾಯಿ, ಬೇರೆ ನಾಯಿಗಳ ಜೊತೆ ಪೈಪೋಟಿಯಲ್ಲಿ ತಿಂದು ಬೆಳೆದ ನಾಯಿ, ಯಾರೂ ಕಿತ್ತುಕೊಳ್ಳದಂತೆ ಊಟವನ್ನು ಕಾವಲು ಕಾಯುವುದು ವಿಚಿತ್ರವೇನಲ್ಲ. ಕೆಲವು ನಾಯಿಗಳು ಏನೂ ಕಷ್ಟ ಕಾಣದೆಯೂ ಹೀಗೆ ಮಾಡುತ್ತವೆ. ಊಟ ಮಾತ್ರವಲ್ಲ, ಆಟಿಕೆ, ಮಲಗುವ ಜಾಗ, ಕೆಲವೊಮ್ಮೆ ಪ್ರೀತಿಯ ಮನುಷ್ಯರನ್ನೂ ಕಾಯುತ್ತವೆ.

ಗುರುಗುಟ್ಟುವ ಮೊದಲೂ ನಾಯಿ ಸಾಕಷ್ಟು ಹೇಳಿರುತ್ತದೆ, ನಾವು ನೋಡಿರುವುದಿಲ್ಲ ಅಷ್ಟೇ. ಯಾರಾದರೂ ಹತ್ತಿರ ಬಂದ ಕೂಡಲೇ ಗಬಗಬ ತಿನ್ನಲು ಶುರು ಮಾಡುತ್ತದೆ. ಇಲ್ಲವೇ ತಿನ್ನುವುದನ್ನು ನಿಲ್ಲಿಸಿ, ಮೈ ಬಿಗಿ ಮಾಡಿ ಅಲ್ಲಾಡದೆ ನಿಲ್ಲುತ್ತದೆ. ತಲೆಯನ್ನು ಬಟ್ಟಲ ಮೇಲೇ ಇಟ್ಟುಕೊಂಡು ಕಣ್ಣಂಚಿನಲ್ಲಿ ನೋಡುತ್ತದೆ, ಆಗ ಕಣ್ಣಿನ ಬಿಳಿ ಭಾಗ ಕಾಣುತ್ತದೆ. ತುಟಿ ಎತ್ತಿ ಹಲ್ಲು ತೋರಿಸುತ್ತದೆ. ಆಮೇಲೆ ಗುರ್ ಅನ್ನುವುದು, ಅದೂ ಫಲ ಕೊಡದಿದ್ದರೆ ಗಾಳಿಯಲ್ಲಿ ಬಾಯಿ ಹಾಕುವುದು, ಕೊನೆಗೆ ಕಚ್ಚುವುದು. ಎಲ್ಲ ನಾಯಿಯೂ ಇದೇ ಕ್ರಮದಲ್ಲಿ ಹೋಗುತ್ತದೆ ಅಂತಲ್ಲ, ಆದರೆ ಸಾಮಾನ್ಯವಾಗಿ ಕಚ್ಚುವುದು ಕೊನೆಗೇ ಬರುತ್ತದೆ.

ನೀವು ಏಟು ಕೊಟ್ಟಾಗ ಗುಂಡ ಕಲಿತದ್ದು ‘ಊಟದ ಹತ್ತಿರ ಜನ ಬಂದರೆ ಭಯವಿಲ್ಲ’ ಅಂತಲ್ಲ. ‘ಜನ ಬಂದಾಗ ಬಾಯಿ ಬಿಟ್ಟರೆ ಏಟು ಬೀಳುತ್ತೆ’ ಅಂತ. ಭಯ ಇದ್ದಲ್ಲೇ ಇದೆ, ಬಹುಶಃ ಜಾಸ್ತಿಯೇ ಆಗಿದೆ, ಯಾಕಂದರೆ ಈಗ ಹತ್ತಿರ ಬರುವ ಕೈ ಹೊಡೆಯುವ ಕೈಯೂ ಹೌದು. ಹೋಗಿರುವುದು ಎಚ್ಚರಿಕೆ ಮಾತ್ರ. ‘ಸುಮ್ಮನಿದ್ದ ನಾಯಿ ಏಕಾಏಕಿ ಕಚ್ಚಿತು’ ಅಂತ ಜನ ಹೇಳುವ ಎಷ್ಟೋ ಪ್ರಸಂಗಗಳ ಹಿಂದೆ, ಗುರುಗುಟ್ಟಬಾರದು ಅಂತ ಹೊಡೆಸಿಕೊಂಡು ಕಲಿತ ನಾಯಿಯೊಂದು ಇರುತ್ತದೆ.

ಈಗ ಆ ಮಗುವನ್ನು ನೆನೆಸಿಕೊಳ್ಳಿ. ಐದು ವರ್ಷದ ಮಗುವಿನ ಮುಖ ಹೆಚ್ಚುಕಡಿಮೆ ನಾಯಿಯ ಮುಖದ ಎತ್ತರದಲ್ಲೇ ಇರುತ್ತದೆ. ಅದು ಬಗ್ಗುತ್ತದೆ, ಅಪ್ಪಿಕೊಳ್ಳುತ್ತದೆ, ನಾಯಿ ತಿನ್ನುವಾಗ ಬಟ್ಟಲಿಗೆ ಕೈ ಹಾಕುತ್ತದೆ, ಕೆಳಗೆ ಬಿದ್ದ ತಿಂಡಿಗೆ ಇಬ್ಬರೂ ಒಟ್ಟಿಗೆ ಓಡುತ್ತಾರೆ. ಚಿಕ್ಕ ಮಕ್ಕಳಿಗೆ ಕಚ್ಚುವುದು ಬೀದಿಯ ಗುರುತಿಲ್ಲದ ನಾಯಿ ಮಾತ್ರವಲ್ಲ, ಮನೆಯದೋ ಪರಿಚಯದವರದೋ ನಾಯಿಯೂ ಕಚ್ಚುತ್ತದೆ. ಮನೆಯಲ್ಲಿ ನಾಯಿ ಕಾಯುವ ವಸ್ತು ಯಾವುದು ಅಂತ ತಾಯಿಗೆ ಗೊತ್ತಿದ್ದರೆ ಆಕೆ ಬಾಗಿಲು ಹಾಕುತ್ತಾಳೆ. ಗೊತ್ತಿಲ್ಲದಿದ್ದರೆ? ಆಕೆಯ ತಪ್ಪು ಅಂತ ಹೇಗೆ ಹೇಳುವುದು?

ನನ್ನ ಸಿಟ್ಟು ಇರುವುದು ಆ ಸ್ವಯಂಸೇವಕಿಯ ಮೇಲೆ. ಶೆಲ್ಟರ್ ಕೆಲಸ ಕಷ್ಟದ್ದು, ಜಾಗ ಕಡಿಮೆ, ಬಾಗಿಲಲ್ಲಿ ಇನ್ನೊಂದು ನಾಯಿ ಕಾಯುತ್ತಿರುತ್ತದೆ, ಹೇಗಾದರೂ ಮನೆ ಸೇರಿಸಬೇಕು ಅನ್ನುವ ಅವಸರ ಇರುತ್ತದೆ. ಇಷ್ಟೆಲ್ಲ ಒಪ್ಪಿಕೊಂಡರೂ, ಮೊದಲ ಸಲ ಫಾಸ್ಟರ್ ಮಾಡುತ್ತಿರುವವರಿಗೆ ಹೊಡೆಯಲು ಹೇಳಿಕೊಟ್ಟು, ಆಮೇಲೆ ಮುಚ್ಚಿಡಲೂ ಹೇಳಿಕೊಟ್ಟದ್ದನ್ನು ನಾನು ಕ್ಷಮಿಸಲಾರೆ. ನೀವು ನಂಬಿದಿರಿ, ಅನುಭವ ಇರುವವರು ಹೇಳಿದ್ದಾರೆ ಅಂತ ಮಾಡಿದಿರಿ. ಆದರೆ ಆಕೆಗೆ ಇದು ಗೊತ್ತಿರಬೇಕಿತ್ತು. ಮುಚ್ಚಿಟ್ಟು ಕೊಟ್ಟ ನಾಯಿ ಬಹಳ ಸಲ ವಾಪಸ್ ಬರುತ್ತದೆ, ಬರುವಾಗ ಹೆಸರು ಕೆಡಿಸಿಕೊಂಡು ಬರುತ್ತದೆ. ಒಮ್ಮೆ ‘ಮಗುವಿಗೆ ಕಚ್ಚಿದ್ದು’ ಅಂತ ಕಾಗದದ ಮೇಲೆ ಬಂದರೆ ಆ ನಾಯಿಗೆ ಮತ್ತೊಂದು ಮನೆ ಸಿಗುವುದು ತೀರಾ ಕಷ್ಟ. ಎಷ್ಟೋ ಕಡೆ ಅಂಥ ನಾಯಿಯನ್ನು ಉಳಿಸುವುದೂ ಇಲ್ಲ.

ಈ ಅಂಕಣವನ್ನು ಮೊದಲಿಂದ ಓದುತ್ತಿರುವವರಿಗೆ ನನ್ನ ಹಠ ಗೊತ್ತು. ಗಂಡಿನ ಕಡೆಯವರು ಕಾಯಿಲೆ ಮುಚ್ಚಿಟ್ಟು ಮಾಡಿದ ಮದುವೆಯ ಬಗ್ಗೆ ಬರೆದವರಿಗೂ ನಾನು ಹೇಳಿದ್ದು ಇದನ್ನೇ, ಮೊದಲೇ ಹೇಳಿದ್ದರೆ ಅದೇ ಸಂಗತಿಯನ್ನು ಇಬ್ಬರೂ ಸೇರಿ ನಿಭಾಯಿಸಬಹುದಿತ್ತು. ನಾಯಿ ಕೊಡುವಾಗಲೂ ಅಷ್ಟೇ. ಫಾಸ್ಟರ್ ಮನೆ ಇರುವುದು ಯಾಕೆ ಹೇಳಿ? ಊಟ ಹಾಕಲು, ಮಲಗಿಸಲು ಶೆಲ್ಟರ್‌ನಲ್ಲೂ ಆಗುತ್ತದೆ. ಆದರೆ ಸುತ್ತ ಬೊಗಳಾಟ ತುಂಬಿದ ಜಾಗದಲ್ಲಿ ನಾಯಿಯ ನಿಜ ಸ್ವಭಾವ ಸರಿಯಾಗಿ ಕಾಣುವುದಿಲ್ಲ. ಕೆಲವು ಮೂಲೆ ಹಿಡಿದು ಕೂರುತ್ತವೆ, ಕೆಲವು ಕುಣಿದಾಡಿಬಿಡುತ್ತವೆ. ಗಂಟೆ ಬಾರಿಸಿದರೆ ಏನು ಮಾಡುತ್ತಾನೆ, ಒಬ್ಬನೇ ಬಿಟ್ಟುಹೋದರೆ ಅಳುತ್ತಾನಾ, ಊಟದ ಹತ್ತಿರ ಹೋದರೆ ಹೇಗೆ, ಇದೆಲ್ಲ ಒಂದು ಮನೆಯಲ್ಲಿ ಇದ್ದು ನೋಡಿದವರಿಗೇ ಗೊತ್ತು. ಗುಂಡನ ವಿಷಯದಲ್ಲಿ ಅದು ಗೊತ್ತಿರುವುದು ನಿಮಗೆ ಮಾತ್ರ. ನೀವು ಹೇಳದಿದ್ದರೆ ಬೇರೆ ಯಾರೂ ಹೇಳಲಾರರು.

ಇನ್ನು ನೀವು ಕೇಳಿದ ಪ್ರಶ್ನೆಗೆ ಬರುತ್ತೇನೆ. ಕೊರಗುತ್ತಾನಾ? ಸ್ವಲ್ಪ ದಿನ ಹೌದು. ಊಟ ಬಿಡಬಹುದು, ಬಾಗಿಲ ಬಳಿ ಕೂರಬಹುದು. ಆದರೆ ನಾಯಿಗಳು ಹೊಸಬರನ್ನು ಹಚ್ಚಿಕೊಳ್ಳುವ ಶಕ್ತಿ ದೊಡ್ಡದು. ಹಂಗೇರಿಯ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಶೆಲ್ಟರ್‌ನಲ್ಲಿದ್ದ ದೊಡ್ಡ ನಾಯಿಗಳು ಒಬ್ಬ ಅಪರಿಚಿತರ ಜೊತೆ ಹತ್ತು ಹತ್ತು ನಿಮಿಷದಂತೆ ಬರೀ ಮೂರು ಸಲ ಕಳೆದ ಮೇಲೆ ಅವರನ್ನು ತಮ್ಮವರಂತೆ ಹಚ್ಚಿಕೊಂಡ ಲಕ್ಷಣ ತೋರಿಸಿದ್ದವು. ಅಮೆರಿಕದ ಐದು ಶೆಲ್ಟರ್‌ಗಳಲ್ಲಿ ನಡೆದ, 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನೋಡಿ. ಒಂದೆರಡು ರಾತ್ರಿ ಯಾರದೋ ಮನೆಯಲ್ಲಿ ಕಳೆದ ನಾಯಿಗಳ ಒತ್ತಡದ ಹಾರ್ಮೋನ್ ಆ ದಿನಗಳಲ್ಲಿ ಕೆಳಗಿಳಿಯಿತು, ಶೆಲ್ಟರ್‌ಗೆ ಮರಳಿದಾಗ ಮೊದಲಿದ್ದಷ್ಟಕ್ಕೆ ಬಂತು, ಅದಕ್ಕಿಂತ ಮೇಲೆ ಹೋಗಲಿಲ್ಲ. ಅಂದರೆ ಮನೆಯ ಸುಖ ತೋರಿಸಿ ಆಮೇಲೆ ಕಳಿಸಿದ್ದರಿಂದ ಅವು ಮೊದಲಿಗಿಂತ ಹೆಚ್ಚು ಕಂಗೆಟ್ಟಂತೆ ಕಾಣಲಿಲ್ಲ. ಗುಂಡ ಹೋಗುತ್ತಿರುವುದಂತೂ ಇನ್ನೊಂದು ಮನೆಗೆ. ನಿಮ್ಮ ಹತ್ತಿರ ನಂಬಿಕೆ ಕಲಿತ ನಾಯಿ ಅದನ್ನು ಹೊತ್ತುಕೊಂಡೇ ಹೋಗುತ್ತಾನೆ. ಇದು ಮೋಸ ಅಲ್ಲ. ನಿಮ್ಮ ಮುದಿ ನಾಯಿಗೂ ನೆಮ್ಮದಿಯ ಮುಪ್ಪು ಬೇಕು, ಅದರ ಪರ ನೀವು ನಿಂತದ್ದು ಸರಿ. ಅತ್ತಿಗೆಯವರಿಗೆ ಉತ್ತರ ಕೊಡುವ ಅಗತ್ಯವೇ ಇಲ್ಲ. ನಾಯಿಯ ಒಂದು ದಿನದ ಕೆಲಸವನ್ನೂ ಮಾಡದವರು ಕೊಡುವವರ ಮನಸ್ಸಿನ ಬಗ್ಗೆ ತೀರ್ಪು ಹೇಳಬಾರದು.

ಭಾನುವಾರ ಹೋಗುವುದೇ ಆದರೆ ಒಂದಷ್ಟು ವಿಷಯ ಗಮನದಲ್ಲಿರಲಿ. ಅವನು ಮಲಗುತ್ತಿದ್ದ ಹೊದಿಕೆಯನ್ನು ಒಗೆಯದೆ ಹಾಗೇ ಕಳಿಸಿ, ಈಗ ತಿನ್ನುತ್ತಿರುವ ಊಟವನ್ನೇ ಮೊದಮೊದಲು ಮುಂದುವರಿಸಲು ಹೇಳಿ. ಹೊಸ ಮನೆ ಸೇರಿದ ಶುರುವಿನಲ್ಲೇ ನಾಯಿಗಳು ಬಾಗಿಲು ಸಂದಿಯಲ್ಲಿ ನುಸುಳಿ ಓಡಿಹೋಗುವುದು ಜಾಸ್ತಿ, ಕುತ್ತಿಗೆಪಟ್ಟಿ ಸಡಿಲ ಇರಬಾರದು. ಲಸಿಕೆಯ ಪುಸ್ತಕ ಮರೆಯಬೇಡಿ. ರಕ್ಷಿಸಿದ ನಾಯಿಗಳ ಜೊತೆ ಕೆಲಸ ಮಾಡುವವರು ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ಒಂದು ಅಂದಾಜು ಹೇಳುತ್ತಾರೆ. ಮೂರು ದಿನ ದಿಗಿಲು, ಮೂರು ವಾರಕ್ಕೆ ಮನೆಯ ಕ್ರಮಕ್ಕೆ ಹೊಂದಿಕೊಳ್ಳುವುದು, ಮೂರು ತಿಂಗಳಿಗೆ ಇದು ನನ್ನ ಮನೆ ಅನ್ನಿಸುವುದು. ಅಂದಾಜು ಅಷ್ಟೇ, ಆದರೆ ನಿಮ್ಮ ಪತ್ರಕ್ಕೆ ಇದು ಹೊಂದುತ್ತದೆ. ಗುಂಡ ಬಂದ ಹೊಸದರಲ್ಲಿ ಮಂಚದ ಕೆಳಗಿದ್ದ, ಗುರುಗುಟ್ಟಿದ್ದು ಎರಡನೇ ತಿಂಗಳಲ್ಲಿ. ಹೊಸ ಮನೆಯಲ್ಲೂ ಮೊದಲ ವಾರ ಎಲ್ಲ ಚೆನ್ನಾಗಿಯೇ ಕಾಣಬಹುದು. ಅದನ್ನು ನೋಡಿ ಆ ಮನೆಯವರು ನಿಶ್ಚಿಂತರಾಗಿಬಿಡುವ ಹೊತ್ತಿಗೇ ಹಳೆಯ ಭಯ ತಲೆ ಎತ್ತಬಹುದು.

ಇಷ್ಟಾಗಿ, ಊಟ ಕಾಯುವ ಅಭ್ಯಾಸ ಎಷ್ಟೋ ನಾಯಿಗಳಲ್ಲಿ ತಾಳ್ಮೆಯಿಂದ ಸುಧಾರಿಸುತ್ತದೆ. ಮೊದಲು ಪಶುವೈದ್ಯರಿಗೆ ತೋರಿಸಿ, ಹಲ್ಲುನೋವು, ಕಿವಿನೋವು ಇದ್ದರೂ ನಾಯಿ ಸಿಡುಕುತ್ತದೆ. ಆಮೇಲೆ ತಿನ್ನುವಾಗ ಬಟ್ಟಲು ಎಳೆಯುವುದು, ‘ಅಭ್ಯಾಸ ಆಗಲಿ’ ಅಂತ ಊಟದಲ್ಲಿ ಕೈ ಆಡಿಸುವುದು, ಇವನ್ನು ನಿಲ್ಲಿಸಬೇಕು. ಅದರಿಂದ ಅಭ್ಯಾಸ ಆಗಲ್ಲ, ಅನುಮಾನ ಗಟ್ಟಿಯಾಗುತ್ತದೆ. ಬದಲು, ಅವನು ತಿನ್ನುವಾಗ ದೂರದಿಂದ ಹಾದುಹೋಗುತ್ತಾ ಬಟ್ಟಲಲ್ಲಿರುವುದಕ್ಕಿಂತ ರುಚಿಯಾದದ್ದನ್ನು ಒಂದು ತುಂಡು ಅವನ ಕಡೆ ಎಸೆದು, ನಿಲ್ಲದೆ ಮುಂದೆ ಹೋಗಿ. ಎಷ್ಟು ದೂರದಲ್ಲಿ ಅವನ ಮೈ ಬಿಗಿಯಾಗುವುದಿಲ್ಲವೋ ಅಷ್ಟೇ ದೂರ. ದಿನ ಕಳೆದಂತೆ, ಮನುಷ್ಯ ಬಂದರೆ ಊಟ ಹೋಗಲ್ಲ, ಇನ್ನೂ ಒಳ್ಳೆಯದು ಬರುತ್ತೆ ಅಂತ ಅವನಿಗೇ ತಿಳಿಯುತ್ತದೆ. ಇದು ದೊಡ್ಡವರು ಮಾಡುವ ಕೆಲಸ, ಸಾಧ್ಯವಾದರೆ ನಾಯಿ ತರಬೇತಿ ಬಲ್ಲವರ ಸಹಾಯದಿಂದ. ಹೊಡೆಯದೆ ಕಲಿಸುವ ತರಬೇತುದಾರರು ಅನ್ನುವುದನ್ನು ಖಚಿತ ಮಾಡಿಕೊಳ್ಳಿ. ಮಗು ಈ ಅಭ್ಯಾಸದ ಹತ್ತಿರವೂ ಬರಬಾರದು. ಗುಂಡನ ಊಟ ಮುಚ್ಚಿದ ಬಾಗಿಲ ಹಿಂದೆ, ಊಟ ಮುಗಿದ ಮೇಲೆ ಬಟ್ಟಲು ಎತ್ತಿಟ್ಟು ಬಾಗಿಲು ತೆಗೆಯಬೇಕು, ಮಗು ಮತ್ತು ನಾಯಿ ಇಬ್ಬರೇ ಒಂದು ಕೋಣೆಯಲ್ಲಿ ಇರಲೇಬಾರದು.

ಇದೆಲ್ಲ ಆ ಮನೆಯವರು ಮಾಡಬೇಕಾದದ್ದು. ನೀವು ಮಾಡಬೇಕಾದದ್ದು ಒಂದೇ. ಭಾನುವಾರದ ತನಕ ಕಾಯದೆ, ಸ್ವಯಂಸೇವಕಿಯನ್ನು ಕೇಳದೆ, ಇವತ್ತೇ ಆ ಮಗುವಿನ ತಾಯಿಗೆ ನೀವೇ ಫೋನ್ ಮಾಡಿ. ಮೆಸೇಜ್ ಬೇಡ, ಮಾತಾಡಿ. ‘ಎರಡನೇ ತಿಂಗಳಲ್ಲಿ ಊಟದ ಹತ್ತಿರ ಗುರುಗುಟ್ಟುತ್ತಿದ್ದ, ನಾನು ಏಟು ಕೊಟ್ಟು ನಿಲ್ಲಿಸಿದೆ, ಭಯ ಇನ್ನೂ ಇರಬಹುದು, ಗುರ್ ಅನ್ನದೆಯೇ ಕಚ್ಚುವ ಸಾಧ್ಯತೆ ಇದೆ’ ಅಂತ ಇಷ್ಟನ್ನೇ ಹೇಳಿ. ‘ಏನೋ ಸ್ವಲ್ಪ ಸಿಡುಕು’ ಅಂತೆಲ್ಲ ಮೆತ್ತಗೆ ಮಾಡಬೇಡಿ. ಇಷ್ಟೆಲ್ಲ ಜಾಗ್ರತೆ ದಿನಾ ಮಾಡಲು ತಮ್ಮಿಂದ ಆಗುತ್ತದಾ ಅಂತ ಆಕೆ ಯೋಚಿಸಲಿ, ಯೋಚಿಸಲು ಸಮಯ ಕೊಡಿ. ಆಗುತ್ತದೆ ಅಂದರೆ ಗುಂಡ ಹೋಗಲಿ. ಬೇಡ ಅಂದರೆ ಬೇಜಾರು ಮಾಡಿಕೊಳ್ಳಬೇಡಿ, ಚಿಕ್ಕ ಮಕ್ಕಳಿಲ್ಲದ, ಶಾಂತವಾದ ಮನೆ ಅವನಿಗೆ ಇದಕ್ಕಿಂತ ಚೆನ್ನಾಗಿ ಹೊಂದುತ್ತದೆ, ಅಲ್ಲಿಯ ತನಕ ಮುದಿ ನಾಯಿಗೆ ಒಂದು ಕೋಣೆ ಬೇರೆ ಮಾಡಿ ಇನ್ನಷ್ಟು ದಿನ ಇಟ್ಟುಕೊಳ್ಳಿ. ಫೋನ್ ಇಟ್ಟ ಮೇಲೆ ಇದೇ ಮಾತನ್ನು ಶೆಲ್ಟರ್‌ನ ಮುಖ್ಯಸ್ಥರಿಗೆ ಬರೆದು ಕಳಿಸಿ, ಗುಂಡನ ಫೈಲಿನಲ್ಲಿ ಸೇರಿಸಲು ಹೇಳಿ.