ಎಂಟು ರಾತ್ರಿಗೆ ಎಂಟು ಊರು ಬೇಡ

ಪ್ರಶ್ನೆ: ಜನವರಿ ಮೊದಲ ವಾರ ನಾವು ಐದು ಜನ ಶ್ರೀಲಂಕಾಕ್ಕೆ ಹೊರಟಿದ್ದೇವೆ. ನಾವಿಬ್ಬರು, ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ನಮ್ಮತ್ತೆ. ಒಟ್ಟು ಎಂಟು ರಾತ್ರಿ. ನೆಗೊಂಬೊ, ಅನುರಾಧಪುರ, ತ್ರಿಂಕೋಮಲಿ, ಸಿಗಿರಿಯ, ಕ್ಯಾಂಡಿ, ನುವಾರ ಎಲಿಯ, ಎಲ್ಲಾ, ಗಾಲೆ ಎಂದು ಪಟ್ಟಿ ಮಾಡಿದ್ದೇನೆ. ಅತ್ತೆಗೆ ಮಂಡಿನೋವು, ಆದರೆ ಅಶೋಕವನ ನೋಡಲೇಬೇಕು ಅನ್ನುತ್ತಾರೆ. ನಾವು ಸಸ್ಯಾಹಾರಿಗಳು. ಇದೆಲ್ಲ ಆಗುತ್ತದೆಯೇ ಮೇಡಂ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಪಟ್ಟಿ ನೋಡಿದಾಗ ನನಗೆ ನಮ್ಮಮ್ಮನ ನೆನಪಾಯಿತು. ಮೊದಲ ಸಲ ಅವರನ್ನು ಕರೆದುಕೊಂಡು ಹೋದಾಗ ಏಳು ರಾತ್ರಿಗೆ ಆರು ಹೋಟೆಲು ಮಾಡಿದ್ದೆ. ಐದನೇ ದಿನ ಬೆಳಗ್ಗೆ ಅಮ್ಮ ಮಂಚದ ಮೇಲೆ ಕೂತು, "ಇದು ಯಾವ ಊರು ಮಗಾ?" ಅಂದರು. ಅವತ್ತಿನಿಂದ ಹಿರಿಯರು ಜೊತೆಗಿದ್ದರೆ ಒಂದೂರಿಗೆ ಎರಡು ರಾತ್ರಿಗಿಂತ ಕಡಿಮೆ ನಾನು ಇಟ್ಟಿಲ್ಲ.

ಅಲ್ಲಿ ದಾರಿಯನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ. ಸಿಗಿರಿಯದಿಂದ ಕ್ಯಾಂಡಿಗೆ 90 ಕಿ.ಮೀ. ಆಸುಪಾಸು, ಆದರೂ ಎರಡೂವರೆ ಮೂರು ತಾಸು ಹಿಡಿಯುತ್ತದೆ. ಹಾಗಾಗಿ ಸಿಗಿರಿಯ, ಕ್ಯಾಂಡಿ, ಎಲ್ಲಾ, ಗಾಲೆ, ಈ ನಾಲ್ಕು ಊರಲ್ಲಿ ಎರಡೆರಡು ರಾತ್ರಿ ಇರಿ. ತ್ರಿಂಕೋಮಲಿಯನ್ನಂತೂ ಬಿಟ್ಟೇಬಿಡಿ. ನೀವು ಹೋಗುವ ಹೊತ್ತಿಗೆ ಪೂರ್ವ ಕರಾವಳಿಯಲ್ಲಿ ಹಿಂಗಾರು, ಸಮುದ್ರ ಒರಟು. ಅದೇ ಜನವರಿಯಲ್ಲಿ ಗಾಲೆ ಕಡೆಯ ದಕ್ಷಿಣದ ಕಡಲು ಶಾಂತವಾಗಿರುತ್ತದೆ. ಅನುರಾಧಪುರ ಬಿಡಲು ನನಗೂ ಸಂಕಟವೇ. ಆದರೆ ಅದನ್ನು ನೋಡಲು ಇಡೀ ದಿನ ಬೇಕು.

ಸಿಗಿರಿಯದ ಬಂಡೆಗೆ ಸುಮಾರು 1,200 ಮೆಟ್ಟಿಲು. ಅತ್ತೆಯವರನ್ನು ಹತ್ತಿಸುವ ಯೋಚನೆ ಬೇಡ. ಬುಡದಲ್ಲಿ ಐದನೇ ಶತಮಾನದ ಕಾಶ್ಯಪ ರಾಜ ಮಾಡಿಸಿದ ನೀರಿನ ತೋಟಗಳಿವೆ, ಸಮತಟ್ಟು ನೆಲ. ಅಲ್ಲಿ ಮರದ ನೆರಳಲ್ಲಿ ಯಾರಾದರೊಬ್ಬರು ಅವರ ಜೊತೆಗಿರಿ. ಉಳಿದವರು ಬಿಸಿಲೇರುವ ಮುಂಚೆ ಹತ್ತಿ ಇಳಿಯಿರಿ.

ಇನ್ನು ಅಶೋಕವನ. ಇದನ್ನು ಮಾತ್ರ ಕೈಬಿಡಬೇಡಿ. ನುವಾರ ಎಲಿಯದಲ್ಲಿ ಉಳಿಯದೆಯೂ ತೋರಿಸಬಹುದು. ಕ್ಯಾಂಡಿಯಿಂದ ಬೆಟ್ಟದ ರೈಲು ಹತ್ತಿ, ನಾಲ್ಕು ತಾಸಿಗೆ 'ನಾನು ಓಯ' ಎಂಬ ನಿಲ್ದಾಣದಲ್ಲಿ ಇಳಿಯಿರಿ. ಅಷ್ಟರಲ್ಲಿ ನಿಮ್ಮ ಕಾರಿನ ಡ್ರೈವರ್ ಲಗೇಜಿನ ಸಮೇತ ರಸ್ತೆಯಲ್ಲಿ ಅಲ್ಲಿಗೆ ಬಂದಿರುತ್ತಾರೆ. ಅಲ್ಲಿನ ಡ್ರೈವರುಗಳಿಗೆ ಇದು ರೂಢಿ, ಮೊದಲೇ ಮಾತಾಡಿಕೊಂಡರೆ ಸಾಕು. ಅಲ್ಲಿಂದ ಎಲ್ಲಾಗೆ ಹೋಗುವ ದಾರಿಯಲ್ಲೇ, ಅಶೋಕವನ ಎಂದು ನಂಬುವ ಸೀತಾ ಎಲಿಯದಲ್ಲಿ ಸೀತಮ್ಮನ ಗುಡಿ ಸಿಗುತ್ತದೆ. ಗುಡಿಯ ಪಕ್ಕದಲ್ಲೇ ತಣ್ಣನೆಯ ಹಳ್ಳ. ಅದರ ಬಂಡೆಗಳ ಮೇಲಿನ ಗುಳಿಗಳನ್ನು ಹನುಮಂತನ ಹೆಜ್ಜೆ ಅನ್ನುತ್ತಾರೆ. ಅಮ್ಮ ಆ ಗುಳಿಯಲ್ಲಿ ನಿಂತಿದ್ದ ನೀರಿಗೆ ಬೆರಳದ್ದಿ ಕಣ್ಣಿಗೊತ್ತಿಕೊಂಡು ಎಷ್ಟೋ ಹೊತ್ತು ಮಾತಾಡಲಿಲ್ಲ. ಇಡೀ ಪ್ರವಾಸದಲ್ಲಿ ಅವರು ಇವತ್ತಿಗೂ ಹೇಳುವುದು ಅದೊಂದನ್ನೇ.

ಆದರೆ 2025ರ ನವೆಂಬರಿನ ದಿತ್ವಾ ಚಂಡಮಾರುತದಲ್ಲಿ ಆ ಬೆಟ್ಟದ ರೈಲು ಮಾರ್ಗಕ್ಕೆ ಬಹಳ ಪೆಟ್ಟು ಬಿದ್ದಿತ್ತು. ರೈಲು ಎಲ್ಲಿಂದ ಎಲ್ಲಿಯವರೆಗೆ ಓಡುತ್ತಿದೆ ಎಂದು ವಿಚಾರಿಸಿಕೊಂಡೇ ಟಿಕೆಟ್ ಮಾಡಿಸಿ. ಓಡದಿದ್ದರೆ ಕಾರಿನಲ್ಲೇ ಬನ್ನಿ. ಗುಡಿ ಹೇಗೂ ರಸ್ತೆ ಬದಿಗೇ ಇದೆ. ಎಲ್ಲಾದಲ್ಲಿ (ಸಿಂಹಳದಲ್ಲಿ ಜಲಪಾತ ಎಂದರ್ಥ) 1921ರ ಒಂಬತ್ತು ಕಮಾನಿನ ಸೇತುವೆಯನ್ನು ಮಕ್ಕಳಿಗೆ ತೋರಿಸಿ.

ಊಟದ ಬಗ್ಗೆ ಹೆದರಿಕೆ ಬೇಡ. ಅನ್ನ, ಬೇಳೆ, ಹಲಸಿನ ಪಲ್ಯ, ಒತ್ತು ಶಾವಿಗೆ ಎಲ್ಲ ಕಡೆ ಸಿಗುತ್ತವೆ. ಎಚ್ಚರ ಬೇಕಾದದ್ದು ತೆಂಗಿನಕಾಯಿಯ ಪೊಲ್ ಸಂಬೋಲದಲ್ಲಿ. ನೋಡಲು ನಮ್ಮ ಕೆಂಪು ಚಟ್ನಿಯ ಹಾಗೇ ಇರುತ್ತದೆ, ಆದರೆ 'ಉಂಬಲಕಡ' ಎಂಬ ಒಣಮೀನಿನ ಚೂರು ಬೆರೆಸಿರುತ್ತಾರೆ. 'ಸಸ್ಯಾಹಾರ' ಅಂದರೆ ಸಾಲದು, ಉಂಬಲಕಡ ಬೇಡ ಅಂತ ಹೆಸರು ಹಿಡಿದೇ ಹೇಳಿ. ರೈಲಿನಲ್ಲಿ ಶಾಲೆ ನೋಟ್‌ಬುಕ್ಕಿನ ಹಾಳೆಯಲ್ಲಿ ವಡೆ ಕಟ್ಟಿಕೊಡುತ್ತಾರೆ. 'ಇಸ್ಸೊ ವಡೆ'ಯ ಮೇಲೆ ಸಿಗಡಿ ಇರುತ್ತದೆ, 'ಪರಿಪ್ಪು ವಡೆ' ಕೇಳಿ ತೆಗೆದುಕೊಳ್ಳಿ. ಅದು ನಮ್ಮ ಅಂಬೊಡೆಯೇ.

ಬುದ್ಧನ ಹಲ್ಲನ್ನಿಟ್ಟು ಪೂಜಿಸುವ ಕ್ಯಾಂಡಿಯ ದಂತ ದೇಗುಲಕ್ಕೆ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿಕೊಳ್ಳಿ. ಬುದ್ಧನ ವಿಗ್ರಹಕ್ಕೆ ಬೆನ್ನು ಮಾಡಿ ಫೋಟೊ ತೆಗೆಸಿಕೊಳ್ಳಬೇಡಿ, ಅಲ್ಲಿನವರಿಗೆ ನಿಜಕ್ಕೂ ನೋವಾಗುತ್ತದೆ.

ಕೊನೆಯ ಎರಡು ದಿನ ಗಾಲೆ ಕೋಟೆ. ಸಂಜೆ ಕೋಟೆ ಗೋಡೆಯ ಮೇಲೆ ಮಕ್ಕಳು ಓಡಾಡಲಿ, ಅತ್ತೆಯವರು ಕೂತು ಕಡಲು ನೋಡಲಿ. ವಿಮಾನ ನಿಲ್ದಾಣ ಕೊಲಂಬೊ ದಾಟಿ ಆಚೆ, ಕಟುನಾಯಕದಲ್ಲಿದೆ. ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಹೋದರೂ ಎರಡೂವರೆ ತಾಸು ಕೈಯಲ್ಲಿರಲಿ. ಹಿಂತಿರುಗುವ ಟಿಕೆಟ್ ಬೆಳಗಿನ ಜಾವದ್ದಾಗಿದ್ದರೆ, ಗಾಲೆಯ ಎರಡನೇ ರಾತ್ರಿಯನ್ನು ಮಾತ್ರ ವಿಮಾನ ನಿಲ್ದಾಣಕ್ಕೆ ಹತ್ತಿರದ ನೆಗೊಂಬೊಗೆ ಬದಲಿಸಿ.