19ನೇ ಶತಮಾನದ ಇಂಗ್ಲೆಂಡಿನಲ್ಲಿ ಹೆಂಡತಿಯರು ಮನಸ್ಸಿನ ನೋವನ್ನು ಯಾಕೆ ಬಚ್ಚಿಡುತ್ತಿದ್ದರು?

ಬಾಯಿಬಿಟ್ಟರೆ ಕಳೆದುಕೊಳ್ಳುವುದೇ ಜಾಸ್ತಿ ಇತ್ತು, ಅದಕ್ಕೆ. ಮದುವೆಯಾದ ಕೂಡಲೇ ಹೆಣ್ಣು ಕಾನೂನಿನ ಕಣ್ಣಿಗೆ ಬೇರೆ ವ್ಯಕ್ತಿಯಾಗಿ ಉಳಿಯುತ್ತಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಸೇರಿ ಒಬ್ಬರು, ಆ ಒಬ್ಬರು ಗಂಡ. ಇದನ್ನು ‘ಕವರ್ಚರ್’ ಎನ್ನುತ್ತಿದ್ದರು, ಅಂದರೆ ಗಂಡನ ಮರೆಯಲ್ಲಿ ಇರುವುದು. ಅವಳು ದುಡಿದ ಕೂಲಿ, ತವರಿಂದ ತಂದ ಹಣ, ಹೆತ್ತ ಮಕ್ಕಳು, ಎಲ್ಲದರ ಮೇಲೂ ಅವನದೇ ಹಕ್ಕು.

ಲೇಖಕಿ ಕ್ಯಾರೊಲಿನ್ ನಾರ್ಟನ್ ಅವರನ್ನೇ ನೋಡಿ. ಹೊಡೆಯುತ್ತಿದ್ದ ಗಂಡನಿಂದ 1836ರಲ್ಲಿ ದೂರವಾದರು. ಅವನು ಮೂವರು ಗಂಡುಮಕ್ಕಳನ್ನೂ ಅವರಿಂದ ದೂರ ಮಾಡಿದ. ಅವರು ಬರೆದು ಗಳಿಸಿದ ದುಡ್ಡೂ ತನ್ನದೇ ಎಂದ. ನಾರ್ಟನ್ ಬಿಡದೆ ಹೋರಾಡಿದರು. 1839ರಲ್ಲಿ, ಏಳು ವರ್ಷದೊಳಗಿನ ಮಕ್ಕಳನ್ನು ತನ್ನ ಬಳಿ ಇಟ್ಟುಕೊಳ್ಳಲು ತಾಯಿ ಕೋರ್ಟಿಗೆ ಹೋಗಬಹುದು ಎಂಬ ಕಾನೂನು ಬಂತು.

ಹೆಸರು, ಓದು, ದೊಡ್ಡವರ ಪರಿಚಯ ಎಲ್ಲ ಇದ್ದವರಿಗೇ ಹೀಗಾಯಿತು, ಅಲ್ವಾ? ಹಾಗಿದ್ದ ಮೇಲೆ ಸಾಮಾನ್ಯ ಹೆಂಗಸು ಮಕ್ಕಳ ಮುಖ ನೋಡಿಕೊಂಡು ಸುಮ್ನೆ ಇರದೆ ಏನು ಮಾಡಬೇಕಿತ್ತು? ಆ ಮೌನವನ್ನು ‘ಸಹನೆ’ ಎಂದು ಹೊಗಳುವುದು ನನಗೆ ಸರಿ ಕಾಣುವುದಿಲ್ಲ. ಅದು ಭಯ. ದುಡಿದ ಹಣ ಹೆಂಡತಿಯದೇ ಎಂದು ಕಾನೂನು ಒಪ್ಪಿದ್ದು 1870ರಲ್ಲಿ, ಆಸ್ತಿಯೂ ಅವಳದೇ ಎಂದದ್ದು 1882ರಲ್ಲಿ.